ಗಣಕಯಂತ್ರದಲ್ಲಿ ತಪ್ಪು ದಿನಾಂಕ ಮತ್ತು ತಂತ್ರಾಂಶಗಳ ಸ್ಥಗಿತ: ಕಾರಣಗಳು ಹಾಗೂ ಪರಿಹಾರ ಕ್ರಮಗಳು

ಪೀಠಿಕೆ

ಗಣಕಯಂತ್ರವನ್ನು ಚಾಲನೆ ಮಾಡಿದಾಗ ಹಲವು ವರ್ಷಗಳ ಹಿಂದಿನ ದಿನಾಂಕ ಕಾಣಿಸಿಕೊಳ್ಳುವುದು, ಅಂತರ್ಜಾಲ ತಾಣಗಳು ತೆರೆಯದಿರುವುದು ಹಾಗೂ ಬಳಕೆಯಲ್ಲಿರುವ ತಂತ್ರಾಂಶಗಳು ಇದ್ದಕ್ಕಿದ್ದಂತೆ ಮುಚ್ಚಿಹೋಗುವುದು ಕಚೇರಿಗಳಲ್ಲಿಯೂ ಮನೆಗಳಲ್ಲಿಯೂ ಸಾಮಾನ್ಯವಾಗಿ ಕಂಡುಬರುವ ದೋಷಗಳಾಗಿವೆ. ಇಂತಹ ಸಂದರ್ಭದಲ್ಲಿ ವೈರಸ್ ತಗುಲಿದೆಯೆಂದು ಭಾವಿಸಿ ಇಡೀ ಗಣಕಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ರೂಢಿಯಲ್ಲಿದೆ. ಇದರಿಂದ ಕಡತಗಳು ನಷ್ಟವಾಗುವ ಸಂಭವವಿರುತ್ತದೆಯೇ ಹೊರತು ಗಡಿಯಾರದ ದೋಷ ನಿವಾರಣೆಯಾಗುವುದಿಲ್ಲ. ಮೊದಲು ಗಡಿಯಾರವನ್ನು ಸರಿಪಡಿಸಿ, ಆ ನಂತರವೂ ಉಳಿಯುವ ದೋಷಗಳನ್ನು ಮಾತ್ರ ಪ್ರತ್ಯೇಕವಾಗಿ ಪರಿಶೀಲಿಸುವುದು ಸೂಕ್ತ ಕ್ರಮವಾಗಿರುತ್ತದೆ.

ಗಡಿಯಾರವು ಕಾರ್ಯನಿರ್ವಹಿಸುವ ವಿಧಾನ

ಗಣಕಯಂತ್ರದ ಮದರ್‌ಬೋರ್ಡಿನಲ್ಲಿ ಕಾಲವನ್ನು ಲೆಕ್ಕವಿಡುವ ಪ್ರತ್ಯೇಕ ಮಂಡಲವಿರುತ್ತದೆ. ಇದು ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಆಧಾರದ ಮೇಲೆ ನಡೆಯುತ್ತದೆ. ಗಣಕಯಂತ್ರಕ್ಕೆ ವಿದ್ಯುತ್ ಸಂಪರ್ಕವಿಲ್ಲದಿರುವಾಗ ಈ ಮಂಡಲಕ್ಕೆ ಶಕ್ತಿಯನ್ನು ಒದಗಿಸುವುದು ನಾಣ್ಯದಾಕಾರದ ಒಂದು ಚಿಕ್ಕ ಬ್ಯಾಟರಿ. ಮೇಜಿನ ಮೇಲಿನ ಗಣಕಯಂತ್ರಗಳಲ್ಲಿ ಸಾಮಾನ್ಯವಾಗಿ 20 ಮಿ.ಮೀ. ವ್ಯಾಸದ, 3 ವೋಲ್ಟ್ ಸಾಮರ್ಥ್ಯದ ಸಿಆರ್ 2032 ಎಂಬ ಲಿಥಿಯಂ ಬ್ಯಾಟರಿ ಇರುತ್ತದೆ.

ಗಣಕಯಂತ್ರವನ್ನು ನಿಲ್ಲಿಸಿದ್ದರೂ ಗೋಡೆಯ ಸ್ವಿಚ್ ಚಾಲನೆಯಲ್ಲಿದ್ದರೆ ಗಡಿಯಾರವು ಮುಖ್ಯ ವಿದ್ಯುತ್ತಿನಿಂದಲೇ ನಡೆಯುತ್ತದೆ. ಸಂಜೆ ಮೇನ್ ಸ್ವಿಚ್ ಆರಿಸುವ ಕಚೇರಿಗಳಲ್ಲಿ ರಾತ್ರಿಯಿಡೀ ಹಾಗೂ ರಜಾ ದಿನಗಳಲ್ಲಿ ಬ್ಯಾಟರಿಯೇ ಬಳಕೆಯಾಗುತ್ತದೆ. ಆದುದರಿಂದ ದೀರ್ಘ ರಜೆಯ ನಂತರದ ಮೊದಲ ದಿನ ಈ ದೋಷವು ಹೆಚ್ಚಾಗಿ ಬೆಳಕಿಗೆ ಬರುತ್ತದೆ.

ತಪ್ಪು ದಿನಾಂಕದಿಂದ ಉಂಟಾಗುವ ತೊಂದರೆಗಳು

1. ಸುರಕ್ಷಿತ ಅಂತರ್ಜಾಲ ತಾಣಗಳ ಪ್ರಮಾಣಪತ್ರಗಳಿಗೆ ಆರಂಭದ ಹಾಗೂ ಮುಕ್ತಾಯದ ದಿನಾಂಕಗಳಿರುತ್ತವೆ. ಗಣಕಯಂತ್ರದ ದಿನಾಂಕವು ಈ ಅವಧಿಯ ಹೊರಗಿದ್ದರೆ ತಾಣವು ಸುರಕ್ಷಿತವಲ್ಲವೆಂಬ ಎಚ್ಚರಿಕೆ ಬರುತ್ತದೆ.

2. ನಿಗದಿತ ಅವಧಿಯ ಪರವಾನಗಿ ಹೊಂದಿರುವ ತಂತ್ರಾಂಶಗಳು ತೆರೆದ ಕೂಡಲೇ ಮುಚ್ಚಿಹೋಗಬಹುದು. ಆಂಟಿವೈರಸ್ ತಂತ್ರಾಂಶವು ನವೀಕರಣವನ್ನು ಪಡೆಯದಿರಬಹುದು.

3. ಬ್ಯಾಟರಿ ಪೂರ್ಣವಾಗಿ ಬರಿದಾದಾಗ ದಿನಾಂಕದೊಂದಿಗೆ ಬಯಾಸ್ ಸೆಟ್ಟಿಂಗ್‌ಗಳೂ ಮೂಲ ಸ್ಥಿತಿಗೆ ಮರಳುವ ಸಂಭವವಿದೆ. ಹಾರ್ಡ್ ಡಿಸ್ಕ್ ಕಾರ್ಯವಿಧಾನವನ್ನು ಸೂಚಿಸುವ ಸೆಟ್ಟಿಂಗ್ ಬದಲಾದಲ್ಲಿ ವಿಂಡೋಸ್ ಆರಂಭವಾಗದೆ ನೀಲಿ ಪರದೆ ಕಾಣಿಸಬಹುದು.

4. ಡಿಜಿಟಲ್ ಸಹಿ ಮಾಡುವಾಗ ಪ್ರತ್ಯೇಕ ಕಾಲಮುದ್ರೆ ಸೇವೆಯನ್ನು ಬಳಸದಿದ್ದರೆ, ಪಿಡಿಎಫ್ ದಾಖಲೆಯಲ್ಲಿ ಸಹಿಯ ಸಮಯವಾಗಿ ನಮೂದಾಗುವುದು ಸಹಿ ಮಾಡಿದವರ ಗಣಕಯಂತ್ರದ ಸಮಯವೇ ಆಗಿರುತ್ತದೆ. ಇಂದು ಸಹಿ ಮಾಡಿದ ಆದೇಶ ಅಥವಾ ದೃಢೀಕರಣವು ಹಲವು ವರ್ಷಗಳ ಹಿಂದೆ ಸಹಿಯಾದಂತೆ ತೋರಬಹುದು. ಆ ದಿನಾಂಕದಂದು ಸಹಿದಾರರ ಪ್ರಮಾಣಪತ್ರವೇ ನೀಡಲ್ಪಟ್ಟಿರದ ಕಾರಣ ಸಹಿಯ ಸಿಂಧುತ್ವದ ಬಗ್ಗೆ ಸಂದೇಹ ಉಂಟಾಗುತ್ತದೆ. ಇದರ ಪರಿಣಾಮವನ್ನು ದಾಖಲೆಯನ್ನು ನಂಬಿ ಮುಂದಿನ ಕಚೇರಿಗೆ ಹೋಗುವ ಅರ್ಜಿದಾರರು ಅನುಭವಿಸಬೇಕಾಗುತ್ತದೆ.

ವ್ಯತ್ಯಾಸವನ್ನು ಗಮನಿಸಿ ಕಾರಣವನ್ನು ಗುರುತಿಸುವುದು

ಅ) ವಿದ್ಯುತ್ ಸಂಪರ್ಕ ತಪ್ಪಿದಾಗಲೆಲ್ಲ ದಿನಾಂಕವು ಹಳೆಯ ವರ್ಷಕ್ಕೆ ಮರಳಿದರೆ ಅಥವಾ ಆರಂಭದಲ್ಲಿ 'ಸಿಮಾಸ್ ಚೆಕ್‌ಸಮ್ ಎರರ್' ಎಂಬ ಸಂದೇಶ ಬಂದರೆ, ಬ್ಯಾಟರಿ ಬರಿದಾಗಿರುವ ಸಾಧ್ಯತೆ ಹೆಚ್ಚು.

ಆ) ದಿನಾಂಕ ಸರಿಯಿದ್ದು ಸಮಯದಲ್ಲಿ ನಿಖರವಾಗಿ 5 ಗಂಟೆ 30 ನಿಮಿಷಗಳ ವ್ಯತ್ಯಾಸವಿದ್ದರೆ ಅದು ಬ್ಯಾಟರಿಯ ದೋಷವಲ್ಲ. ಭಾರತೀಯ ಕಾಲಮಾನವು ಸಂಘಟಿತ ವಿಶ್ವ ಕಾಲಮಾನಕ್ಕಿಂತ ಇಷ್ಟೇ ಮುಂದಿದೆ. ಕಾಲವಲಯದ ಆಯ್ಕೆ ತಪ್ಪಾಗಿರುವುದು ಅಥವಾ ಒಂದೇ ಗಣಕಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಅಳವಡಿಸಿರುವುದು ಇದಕ್ಕೆ ಕಾರಣವಾಗಿರಬಹುದು.

ಇ) ಕಾಲವಲಯವನ್ನು ಬದಲಾಯಿಸದೆ ಗಡಿಯಾರದ ಮುಳ್ಳು ತಿರುಗಿಸಿದಂತೆ ಸಮಯವನ್ನು ಮಾತ್ರ ತಿದ್ದುವುದು ಸಾಮಾನ್ಯವಾಗಿ ಆಗುವ ತಪ್ಪು. ಪರದೆಯ ಮೇಲೆ ಸಮಯ ಸರಿಯಾಗಿ ಕಂಡರೂ ಆಂತರಿಕ ಲೆಕ್ಕ ತಪ್ಪಾಗಿಯೇ ಉಳಿದು, ಇ-ಮೇಲ್ ಹಾಗೂ ಡಿಜಿಟಲ್ ಸಹಿಗಳಲ್ಲಿ ಬೇರೆ ಸಮಯ ನಮೂದಾಗುತ್ತದೆ.

ಗಡಿಯಾರವನ್ನು ಸರಿಪಡಿಸುವ ಕ್ರಮ

1. ಮುಖ್ಯ ಕಡತಗಳ ಪ್ರತಿಯನ್ನು ಬೇರೊಂದು ಸಾಧನದಲ್ಲಿ ತೆಗೆದಿರಿಸಿಕೊಳ್ಳುವುದು. ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ ಇದ್ದಲ್ಲಿ ಅದರ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು.

2. ಬಯಾಸ್ ಪರದೆಯನ್ನು ತೆರೆದು (ಬಹುತೇಕ ಗಣಕಯಂತ್ರಗಳಲ್ಲಿ ಡಿಲೀಟ್ ಅಥವಾ ಎಫ್ 2 ಕೀಲಿ) ಸೆಟ್ಟಿಂಗ್‌ಗಳನ್ನು ಬರೆದುಕೊಳ್ಳುವುದು ಅಥವಾ ಛಾಯಾಚಿತ್ರ ತೆಗೆದುಕೊಳ್ಳುವುದು. ಈಗಾಗಲೇ ನೀಲಿ ಪರದೆ ಬರುತ್ತಿದ್ದರೆ ಸೆಟ್ಟಿಂಗ್‌ಗಳು ಬದಲಾಗಿವೆಯೇ ಎಂಬುದನ್ನು ತಂತ್ರಜ್ಞರಿಂದ ಪರಿಶೀಲಿಸಿಕೊಳ್ಳುವುದು.

3. ಗಣಕಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಳಚಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿದ ನಂತರವೇ ಹಳೆಯ ಬ್ಯಾಟರಿಯನ್ನು ತೆಗೆಯುವುದು. ಅದೇ ಸಂಖ್ಯೆಯ ಹೊಸ ಬ್ಯಾಟರಿಯನ್ನು, ಹಳೆಯದು ಇದ್ದ ರೀತಿಯಲ್ಲಿಯೇ ಧನ ಚಿಹ್ನೆಯ ದಿಕ್ಕನ್ನು ಗಮನಿಸಿ ಕೂರಿಸುವುದು. ಲ್ಯಾಪ್‌ಟಾಪ್‌ಗಳಲ್ಲಿ ಈ ಕೆಲಸವನ್ನು ತಂತ್ರಜ್ಞರಿಂದಲೇ ಮಾಡಿಸುವುದು ಸೂಕ್ತ.

4. ಬಯಾಸ್‌ನಲ್ಲಿ ದಿನಾಂಕ ಮತ್ತು ಸೆಟ್ಟಿಂಗ್‌ಗಳನ್ನು ಸರಿಪಡಿಸಿ, ವಿಂಡೋಸ್‌ನಲ್ಲಿ ಭಾರತೀಯ ಕಾಲವಲಯವನ್ನು ಆಯ್ಕೆ ಮಾಡಿ, ಅಂತರ್ಜಾಲದ ಮೂಲಕ ಸಮಯ ಹೊಂದಿಸುವ ಸೌಲಭ್ಯವನ್ನು ಚಾಲನೆಗೊಳಿಸುವುದು. ಡೊಮೈನ್‌ಗೆ ಸೇರದ ಗಣಕಯಂತ್ರಗಳಲ್ಲಿ ವ್ಯತ್ಯಾಸವು 15 ಗಂಟೆಗಳನ್ನು ಮೀರಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿಯೇ ತಿದ್ದಿಕೊಳ್ಳುವುದಿಲ್ಲ. ಆದುದರಿಂದ ಮೊದಲಿಗೆ ದಿನಾಂಕವನ್ನು ಕೈಯಾರೆ ಹೊಂದಿಸುವುದು ಅವಶ್ಯಕ.

ಭಾರತೀಯ ಕಾಲಮಾನವನ್ನು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ನಿರ್ವಹಿಸುತ್ತದೆ. ಸರ್ಕಾರಿ ಸಂಸ್ಥೆಗಳು, ಕಂಪನಿಗಳು ಹಾಗೂ ಸೇವಾದಾರರು ತಮ್ಮ ವ್ಯವಸ್ಥೆಗಳ ಗಡಿಯಾರವನ್ನು ಈ ಪ್ರಯೋಗಾಲಯದ ಅಥವಾ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಕಾಲ ಸರ್ವರ್‌ಗಳೊಂದಿಗೆ, ಇಲ್ಲವೇ ಅವುಗಳನ್ನು ಆಧರಿಸಿದ ಸರ್ವರ್‌ಗಳೊಂದಿಗೆ ಹೊಂದಿಸಬೇಕೆಂದು ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 28 ಏಪ್ರಿಲ್ 2022ರಂದು ನಿರ್ದೇಶನ ಹೊರಡಿಸಿದೆ.

ಸ್ಥಗಿತವು ಮುಂದುವರಿದಲ್ಲಿ

ಗಡಿಯಾರವು ಸರಿಯಾದ ನಂತರವೂ ತಂತ್ರಾಂಶಗಳು ಮುಚ್ಚಿಹೋಗುತ್ತಿದ್ದರೆ ಕಾರಣ ಬೇರೆಯಿದೆಯೆಂದು ತಿಳಿಯತಕ್ಕದ್ದು.

• ಒಂದೇ ತಂತ್ರಾಂಶ ಮುಚ್ಚಿಹೋಗುತ್ತಿದ್ದರೆ ಅದನ್ನು ನವೀಕರಿಸುವುದು ಅಥವಾ ತೆಗೆದು ಪುನಃ ಅಳವಡಿಸುವುದು.
• ಬೇರೆ ಬೇರೆ ತಂತ್ರಾಂಶಗಳು ಯಾವುದೇ ಕ್ರಮವಿಲ್ಲದೆ ಮುಚ್ಚಿಹೋಗುತ್ತಿದ್ದರೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಮೂಲಕ ರ‍್ಯಾಮ್ ಅನ್ನು ಪರೀಕ್ಷಿಸುವುದು.
• ಚಾಲನೆಯಾದ ಸ್ವಲ್ಪ ಹೊತ್ತಿನ ನಂತರ ಮಾತ್ರ ತೊಂದರೆ ಬಂದರೆ ಫ್ಯಾನ್ ಮತ್ತು ಗಾಳಿಕಿಂಡಿಗಳಲ್ಲಿ ಧೂಳು ತುಂಬಿದೆಯೇ ಎಂದು ನೋಡುವುದು.
• ಕಡತ ತೆರೆಯುವಾಗ ಅಥವಾ ಉಳಿಸುವಾಗ ತೊಂದರೆಯಾದರೆ ಪ್ರತಿಗಳನ್ನು ತೆಗೆದಿರಿಸಿದ ಬಳಿಕವೇ ಡಿಸ್ಕ್ ಪರೀಕ್ಷೆ ನಡೆಸುವುದು.
• ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಊದಿಕೊಂಡಿದ್ದಲ್ಲಿ ತಂತ್ರಜ್ಞರ ಸಲಹೆ ಪಡೆಯುವುದು.

ದಾಖಲೆಗಳ ಬಗ್ಗೆ ವಹಿಸಬೇಕಾದ ಎಚ್ಚರಿಕೆ

ತಪ್ಪು ದಿನಾಂಕದ ಅವಧಿಯಲ್ಲಿ ರಚಿಸಿದ ಕಡತಗಳ ದಿನಾಂಕವನ್ನು ಗುಟ್ಟಾಗಿ ತಿದ್ದಬಾರದು. ದೋಷ ಕಂಡುಬಂದ ದಿನ, ಸರಿಪಡಿಸಿದ ದಿನ ಹಾಗೂ ಬಾಧಿತ ದಾಖಲೆಗಳ ಪಟ್ಟಿಯನ್ನು ಬರೆದಿಟ್ಟು ಮೇಲಧಿಕಾರಿಗಳ ಗಮನಕ್ಕೆ ತರುವುದು. ತಪ್ಪು ದಿನಾಂಕದಲ್ಲಿ ಡಿಜಿಟಲ್ ಸಹಿಯಾದ ದಾಖಲೆಗಳಿಗೆ ಕಾರಣ ನಮೂದಿಸಿ ಹೊಸದಾಗಿ ಸಹಿ ಮಾಡುವುದು. ಹಳೆಯ ಪ್ರತಿಯನ್ನೂ ಕಡತದಲ್ಲಿ ಉಳಿಸಿಕೊಳ್ಳುವುದು. ಈಗಾಗಲೇ ಅರ್ಜಿದಾರರಿಗೆ ನೀಡಿರುವ ಪ್ರತಿಗಳಿದ್ದಲ್ಲಿ ಅವರನ್ನು ಸಂಪರ್ಕಿಸಿ ಬದಲಿ ಪ್ರತಿ ನೀಡುವುದು.

ಹಳೆಯ ಬ್ಯಾಟರಿಯ ವಿಲೇವಾರಿ

ಬಳಸಿದ ಬ್ಯಾಟರಿಯು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ವ್ಯಾಪ್ತಿಗೆ ಒಳಪಡುತ್ತದೆ. ಅದನ್ನು ಮನೆಯ ಕಸದೊಂದಿಗೆ ಹಾಕದೆ ಸಂಗ್ರಹಣಾ ಕೇಂದ್ರಕ್ಕೆ ನೀಡುವುದು. ಮಕ್ಕಳು ಇದನ್ನು ನುಂಗಿದಲ್ಲಿ ಅನ್ನನಾಳಕ್ಕೆ ತೀವ್ರ ಗಾಯವಾಗಬಹುದಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ಇರಿಸತಕ್ಕದ್ದು. ನುಂಗಿದ ಸಂದೇಹವಿದ್ದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.