ಪಂಡಿತಾ ರಮಾಬಾಯಿ: ಹಸಿವಿನ ಹಾದಿಯಲ್ಲಿ ಕಂಡ ಕೃಪೆ

ಕಷ್ಟ ಬಂದವರ ಮನೆಗೆ ಹೋದಾಗ "ಎಲ್ಲವೂ ದೇವರ ಚಿತ್ತ, ಇದರಲ್ಲಿಯೂ ಏನೋ ಒಳಿತಿದ್ದೀತು" ಎಂದು ನಾವೆಲ್ಲರೂ ಹೇಳುತ್ತೇವೆ. ಹೇಳುವವರಿಗೆ ಅದು ಸುಲಭ. ಕೇಳುವವರಿಗೆ ಕೆಲವೊಮ್ಮೆ ಗಾಯದ ಮೇಲೆ ಉಪ್ಪು ಸವರಿದಂತೆ ಆಗುತ್ತದೆ. ಸಂಕಟದ ನಡುವೆಯೇ ದೈವಕೃಪೆ ದೊರೆಯುತ್ತದೆಂಬ ನಂಬಿಕೆಗೆ ಕ್ರೈಸ್ತ ಧರ್ಮದಲ್ಲಿ ಬಹು ದೊಡ್ಡ ಸ್ಥಾನವಿದೆ. ಯಾತನೆಯ ಸಾಧನವಾಗಿದ್ದ ಶಿಲುಬೆಯೇ ಆ ಧರ್ಮದ ಚಿಹ್ನೆಯಲ್ಲವೇ? ಆದರೆ ಈ ಮಾತನ್ನು ಆಡುವ ಅಧಿಕಾರ ಯಾರಿಗಿದೆ? ಹೀಗೆ ಯೋಚಿಸಿದಾಗಲೆಲ್ಲ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ. ಶಾಲೆಯ ಪಾಠಗಳಲ್ಲಿ ಅವರಿಗೆ ಸಮಾಜ ಸುಧಾರಕರ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ನನ್ನ ಹಳೆಯ ವಿದ್ಯಾರ್ಥಿಗಳಿಗೆ ಆ ಸಾಲಿನ ಹಿಂದಿನ ಕಥೆಯನ್ನು ಹೇಳುವ ಆಸೆ ಇಂದು ಮೂಡಿದೆ.

ರಮಾಬಾಯಿಯವರು ಹುಟ್ಟಿದ್ದು ನಮ್ಮ ನಾಡಿನಲ್ಲಿಯೇ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಉಗಮಿಸುವ ಪಶ್ಚಿಮಘಟ್ಟದ ಗಂಗಾಮೂಲ ಅರಣ್ಯದಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸ್ವಜನರ ವಿರೋಧ ಕಟ್ಟಿಕೊಂಡು, ಕಾಡಿನಲ್ಲಿ ಆಶ್ರಮ ಕಟ್ಟಿ ನೆಲೆಸಿದ್ದವರು. ಮಗಳಿಗೆ ಆರು ತಿಂಗಳಾಗುವಷ್ಟರಲ್ಲಿ ಆ ನೆಲೆಯೂ ತಪ್ಪಿತು. ಅಲ್ಲಿಂದ ಮುಂದೆ ಕುಟುಂಬದ್ದು ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ಅಲೆದಾಟ, ಪುರಾಣ ಪ್ರವಚನದಿಂದ ಜೀವನ. ರಮಾಬಾಯಿಗೆ ಸಂಸ್ಕೃತದ ಗುರು ತಾಯಿಯೇ.

1870ರ ದಶಕದಲ್ಲಿ ದಕ್ಷಿಣದಲ್ಲಿ ಬರಗಾಲ ಬಂದಾಗ ಈ ಕುಟುಂಬ ನಿರ್ಗತಿಕವಾಯಿತು. ಕೂಲಿ ಮಾಡಿ ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ಅಭಿಮಾನ ಬಿಡದು. ನೀರು, ಸೊಪ್ಪು, ಕಾಡುಹಣ್ಣುಗಳಲ್ಲಿ ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ತಿಂಗಳಲ್ಲಿ ತಾಯಿ ಮರಣಶಯ್ಯೆಯಲ್ಲಿದ್ದಾಗ ಹದಿಹರೆಯದ ಹುಡುಗಿ ನೆರೆಮನೆಯ ಬಾಗಿಲಿಗೆ ಹೋಗಿ ನಿಂತರು. ಬೇಡಲು ಬಾಯಿ ಬರಲಿಲ್ಲ, ಕಣ್ಣೀರು ಬಂತು. ಆ ಮನೆಯಾಕೆ ಒಂದು ಸಜ್ಜೆ ರೊಟ್ಟಿ ಕೊಟ್ಟರು; ಅದನ್ನು ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ತಾಯಿಯ ಹಿಂದೆಯೇ ಅಕ್ಕನೂ ಹೋದರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ. ಇಬ್ಬರೂ ಕಾಲ್ನಡಿಗೆಯಲ್ಲಿ ಭಾರತವನ್ನೇ ಸುತ್ತಿದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ, ಹೊದೆಯಲು ಏನೂ ಇಲ್ಲದೆ, ಗುಂಡಿ ತೋಡಿ ಒಣ ಮರಳನ್ನು ಮೈಮೇಲೆ ಎಳೆದುಕೊಂಡು ಚಳಿಯ ರಾತ್ರಿಗಳನ್ನು ಕಳೆದರು.

1878ರಲ್ಲಿ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ಈ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾಗಿ "ಪಂಡಿತಾ", "ಸರಸ್ವತಿ" ಎಂಬ ಬಿರುದುಗಳನ್ನಿತ್ತರು. ಆದರೆ ನೆಮ್ಮದಿ ಸಿಗಲಿಲ್ಲ. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಜಾತಿಯ ಕಟ್ಟು ಮೀರಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಮದುವೆಯಾದರು. 1882ರ ಫೆಬ್ರವರಿಯಲ್ಲಿ ಅವರೂ ಕಾಲರಾಕ್ಕೆ ಬಲಿಯಾದರು. ಆಗ ರಮಾಬಾಯಿಗೆ ಇಪ್ಪತ್ನಾಲ್ಕು ತುಂಬಿರಲಿಲ್ಲ. ಮಗಳು ಮನೋರಮೆಗೆ ಒಂದು ವರ್ಷವೂ ಆಗಿರಲಿಲ್ಲ.

1883ರಲ್ಲಿ ವೈದ್ಯಕೀಯ ಓದಲೆಂದು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದ ಕಾರಣ ಆ ಆಸೆ ಕೈಗೂಡಲಿಲ್ಲ. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ದಾರಿತಪ್ಪಿದವರೆಂದು ಲೋಕ ತಿರಸ್ಕರಿಸಿದ ಹೆಣ್ಣುಮಕ್ಕಳನ್ನು ಆದರದಿಂದ ಸಲಹುತ್ತಿದ್ದುದನ್ನು ಕಂಡರು. ಕಾರಣ ಕೇಳಿದಾಗ, ಯೇಸು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಅವರಿಗೆ ಹೇಳಲಾಯಿತು. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯಬಾರದು. ತಾವು ಆಗ ಕ್ರೈಸ್ತ ಧರ್ಮವನ್ನು ಪಡೆದಿದ್ದರೂ ಕ್ರಿಸ್ತನನ್ನು ಕಂಡುಕೊಳ್ಳಲು ಮತ್ತೆ ಎಂಟು ವರ್ಷ ಬೇಕಾಯಿತೆಂಬ ಅರ್ಥದಲ್ಲಿ ಅವರೇ ಮುಂದೆ ಬರೆದಿದ್ದಾರೆ. ಮತಾಂತರದಿಂದ ಸ್ವಜನರು ದೂರವಾದರು. 1889ರಲ್ಲಿ ವಿಧವೆಯರಿಗಾಗಿ ಮುಂಬಯಿಯಲ್ಲಿ ಆರಂಭಿಸಿದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. 1893ರಲ್ಲಿ, ಅಲ್ಲಿ ಮತಾಂತರಕ್ಕೆ ಪ್ರೇರಣೆ ನಡೆಯುತ್ತಿದೆಯೆಂಬ ಆಕ್ಷೇಪದಿಂದ ಹಲವು ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಇತ್ತ ಇಂಗ್ಲೆಂಡಿನ ಗುರುಗಳಿಗೂ ಪ್ರಶ್ನೆ ಕೇಳುತ್ತಲೇ ಇದ್ದ ಈ ಶಿಷ್ಯೆ ಸುಲಭದ ತುತ್ತಾಗಿರಲಿಲ್ಲ. ಅವರ ಆಯ್ಕೆಯನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಅವರ ಪ್ರಾಮಾಣಿಕತೆಯನ್ನು ಶಂಕಿಸುವುದು ಕಷ್ಟ.

1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಭೀಕರ ಬರಗಾಲ. ಸುದ್ದಿ ಕೇಳಿದೊಡನೆ ರಮಾಬಾಯಿಗೆ ತಮ್ಮ ಹದಿಹರೆಯ ಕಣ್ಮುಂದೆ ನಿಂತಿತು. ಹಣದ ಅನುಕೂಲವಿರಲಿಲ್ಲ, ಆದರೂ ಹೊರಟರು. ಎಲುಬಿನ ಗೂಡಾಗಿದ್ದ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಕೇಡಗಾಂವ್‌ನಲ್ಲಿದ್ದ ತೋಟದಲ್ಲಿ ಡೇರೆ, ಗುಡಿಸಲು ಹಾಕಿ ಇರಿಸಿದರು. ಅದೇ ಮುಕ್ತಿ ಸದನ. ಗುಜರಾತಿನ ಬರಗಾಲದಲ್ಲಿಯೂ ಹೀಗೆಯೇ ಮಾಡಿದರು. 1900ರ ಹೊತ್ತಿಗೆ ಅಲ್ಲಿ ಸುಮಾರು 2000 ಜನರಿದ್ದರು. ಬೇಸಾಯ, ನೇಯ್ಗೆ, ಮುದ್ರಣ ಎಲ್ಲವನ್ನೂ ಹೆಣ್ಣುಮಕ್ಕಳೇ ಕಲಿತು ಮಾಡಿದರು. ಕುರುಡರಿಗೊಂದು, ವೃದ್ಧೆಯರಿಗೊಂದು ಮನೆಯಾಯಿತು. ಇಂಗ್ಲೆಂಡಿನಲ್ಲಿ ಕಂಡಂತೆಯೇ, ಸಮಾಜ ಹೊರದಬ್ಬಿದ ಹೆಂಗಸರಿಗೂ ಒಂದು ಮನೆ ಕಟ್ಟಿ ಅದಕ್ಕೆ "ಕೃಪಾ ಸದನ" ಎಂದು ಹೆಸರಿಟ್ಟರು.

ನನ್ನ ಮಟ್ಟಿಗೆ ಈ ಕಥೆಯ ತಿರುಳು ಇಲ್ಲಿದೆ. ತಂದೆತಾಯಿ ಹಸಿವಿನಿಂದ ಸತ್ತದ್ದು ಕೃಪೆಯಲ್ಲ. ಅದನ್ನು ಕೃಪೆಯೆಂದು ಕರೆದರೆ ಸತ್ತವರಿಗೆ ಅನ್ಯಾಯ ಮಾಡಿದಂತೆ. ಆ ನೋವು ಅವರನ್ನು ಕಲ್ಲಾಗಿಸಲಿಲ್ಲ, ಮತ್ತೊಬ್ಬರ ಹಸಿವನ್ನು ಗುರುತಿಸುವ ಕಣ್ಣಾಯಿತು; ಅದನ್ನು ರಮಾಬಾಯಿ ದೇವರ ಕೃಪೆಯೆಂದೇ ನಂಬಿದ್ದರು. ಒಂದು ರೊಟ್ಟಿಗಾಗಿ ಬಾಯಿ ತೆರೆಯಲಾರದೆ ಅತ್ತವರಿಗೆ, ಕೇಳಲಾರದವರ ಹಸಿವು ತಾನಾಗಿಯೇ ತಿಳಿಯುತ್ತಿತ್ತು.

ಕೃಪೆ ಬಂದ ಮೇಲೆ ಕಷ್ಟ ನಿಲ್ಲಲಿಲ್ಲ. ತಮ್ಮ ಸಂಸ್ಥೆ ಕಲಬುರಗಿಯಲ್ಲಿ ತೆರೆದ ಶಾಲೆಯ ಹೊಣೆ ಹೊತ್ತಿದ್ದ, ಮುಂದೆ ಎಲ್ಲವನ್ನೂ ನಡೆಸಬೇಕಾಗಿದ್ದ ಮನೋರಮಾ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿ ಕೆಲಸ ಬಿಡಲಿಲ್ಲ. ಸಾಮಾನ್ಯ ಹೆಂಗಸರಿಗೂ ಅರ್ಥವಾಗಲೆಂದು ಹೀಬ್ರೂ, ಗ್ರೀಕ್ ಕಲಿತು ಮೂಲದಿಂದಲೇ ಬೈಬಲನ್ನು ಸರಳ ಮರಾಠಿಗೆ ತರುತ್ತಿದ್ದರು. ಜೀವನದ ಕೊನೆಯವರೆಗೂ ಅದರಲ್ಲಿ ತೊಡಗಿದ್ದು 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರದ ಮೇಲೆ ಪುಣೆಗೆ ರೈಲಿನಲ್ಲಿ ಹೋಗುವವರಿಗೆ ದೌಂಡ್ ದಾಟಿದ ಮೇಲೆ ಕೇಡಗಾಂವ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಮುಕ್ತಿ ಸದನ ಇಂದಿಗೂ ಆ ಊರಿನಲ್ಲಿದೆ. ಮಕ್ಕಳೊಡನೆ ಆ ದಾರಿಯಲ್ಲಿ ಹೋಗುವಾಗ, ನಮ್ಮ ಗಂಗಾಮೂಲದಲ್ಲಿ ಹುಟ್ಟಿದ ಈ ತಾಯಿಯ ಕಥೆಯನ್ನು ಅವರಿಗೆ ಹೇಳಿರಿ.