ನೀವು ಕುಡದ್ರ ಚಾ, ನಾವು ಕುಡದ್ರ ಚಟಾ

ಹೋದ ವರ್ಷ ಗಣಪತಿ ಹಬ್ಬಕ್ಕೆ ನವಲಗುಂದಕ್ಕೆ ಹೋಗಿದ್ದೆ. ಓಣಿಯ ಮಂಡಳಿ ಹುಡುಗರು ಪಟ್ಟಿ ಕೇಳಲು ಬಂದರು. ಎಲ್ಲರದೂ ಹದಿನಾಲ್ಕರಿಂದ ಹದಿನೇಳರ ವಯಸ್ಸು. "ಅಣ್ಣಾರ, ರಾತ್ರಿಯೆಲ್ಲಾ ಪೆಂಡಾಲ್ ಕಾಯಬೇಕ್ರಿ. ಎನರ್ಜಿ ಡ್ರಿಂಕಿನ ಎರಡು ಬಾಕ್ಸ್ ನಿಮ್ಮ ಹೆಸರಿಲೆ ಇರ್ಲಿ."

"ಅದ್ಯಾಕಪಾ, ನಮ್ಮಂಗ ಚಾ ಕುಡೀರಿ" ಅಂದೆ.

ಒಬ್ಬ ತಟ್ಟನೆ ಅಂದ: "ನೀವು ಕುಡದ್ರ ಚಾ, ನಾವು ಕುಡದ್ರ ಚಟಾ ಏನ್ರಿ?"

ಉತ್ತರ ಹೊಳೆಯಲಿಲ್ಲ. ರಿಲೀಸ್ ಇರುವ ರಾತ್ರಿ ನಾಲ್ಕೈದು ಕಾಫಿ ಇಳಿಸುವವನಿಗೆ ಹೊಳೆಯುವುದಾದರೂ ಹೇಗೆ?

ಇತಿಹಾಸ ತೆಗೆದರೂ ಹುಡುಗನದೇ ಗೆಲುವು. ಚಾ ನಮ್ಮ ಮುತ್ತಜ್ಜರ ಪದ್ಧತಿ ಅಂದುಕೊಂಡಿದ್ದೇವೆ, ಅದು ಅಷ್ಟು ಹಳೆಯದಲ್ಲ. 1903ರ ಟೀ ಸೆಸ್ ಕಾಯ್ದೆ ರಫ್ತಾಗುವ ಚಹಾದ ಮೇಲೆ ಸುಂಕ ಹಾಕಿ, ಆ ಹಣವನ್ನು ಚಹಾ ಪ್ರಚಾರಕ್ಕೇ ಎತ್ತಿಟ್ಟಿತು. 1930ರ ಸುಮಾರಿಗೆ ಜಗತ್ತಿನಲ್ಲೆಲ್ಲ ಬೆಲೆ ಬಿತ್ತು. 1933ರ ಅಂತರರಾಷ್ಟ್ರೀಯ ಒಪ್ಪಂದ ರಫ್ತಿಗೇ ಮಿತಿ ಹಾಕಿತು. ಆಗ ತೋಟದ ಮಾಲೀಕರ ಕಣ್ಣು ನಮ್ಮ ಬಾಯಿಗಳ ಮೇಲೆ ಬಿತ್ತು. ಪ್ರಚಾರಕರು ಸಂತೆ, ಜಾತ್ರೆ, ರೈಲು ನಿಲ್ದಾಣ ಅನ್ನದೆ ಪುಕ್ಕಟೆ ಕಾಸಿ ಕುಡಿಸಿದರು. ದಣಿವು ಹೋಗುತ್ತದೆ, ಚುರುಕು ಬರುತ್ತದೆ ಅನ್ನುವುದೇ ಜಾಹೀರಾತು. ಬಾಟಲಿ ಮಾರುವವರು ಇವತ್ತು ಹೇಳುವುದೂ ಹೆಚ್ಚುಕಮ್ಮಿ ಅದನ್ನೇ.

ಬೇಡ ಅಂದ ಹಿರಿಯರು ಆಗಲೂ ಇದ್ದರು. ಗಾಂಧೀಜಿ 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆಯುತ್ತ, ಚಹಾ-ಕಾಫಿ ದೇಹಕ್ಕೆ ಬೇಕಾದವಲ್ಲ ಅಂದರು. ಇನ್ನು 1893ರಲ್ಲಿ ಗಣಪತಿಯನ್ನು ಬೀದಿಗೆ ತಂದ ಟಿಳಕರ ಕಥೆ ಮಜಾ ಇದೆ. 1890ರಲ್ಲಿ ಪುಣೆಯ ಪಂಚಹೌದ್ ಮಿಷನ್ನಿನಲ್ಲಿ ಅವರ ಮುಂದೆ ಚಹಾ ಬಂತು. ಪಾದ್ರಿಗಳ ಚಹಾ ಅಂತ ಮಡಿವಂತರು ರಂಪ ಎಬ್ಬಿಸಿದರು, ಮಾತು ಪ್ರಾಯಶ್ಚಿತ್ತದ ತನಕ ಹೋಯಿತು. ಅವರು ಹುಟ್ಟುಹಾಕಿದ ಉತ್ಸವ ಇವತ್ತು ಚಾ ಇಲ್ಲದೆ ಒಂದು ರಾತ್ರಿಯೂ ನಡೆಯದು!

ಆದರೂ ಹುಡುಗ ಹೇಳಿದ್ದು ಅರ್ಧ ಮಾತ್ರ ಸರಿ. ಉಳಿದರ್ಧ ಲೆಕ್ಕದ್ದು. ಐಸಿಎಂಆರ್ ಪ್ರಕಾರ 150 ಮಿ.ಲೀ. ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ನಮ್ಮೂರ ಕಪ್ಪು ಅದರ ಅರ್ಧವೂ ಹಿಡಿಯುವುದಿಲ್ಲ. ಎನರ್ಜಿ ಡ್ರಿಂಕಿಗೆ ಕಾನೂನು ಲೀಟರಿಗೆ 300 ಮಿಲಿಗ್ರಾಂ ತನಕ ಬಿಡುತ್ತದೆ, ಅಂದರೆ ಕಾಲು ಲೀಟರ್ ಬಾಟಲಿಗೆ 75. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಹೇಳಿದ ದಿನದ ಮಿತಿ ಕೆಜಿ ತೂಕಕ್ಕೆ 3 ಮಿಲಿಗ್ರಾಂ. ನಲವತ್ತು ಕೆಜಿ ಹುಡುಗನಿಗೆ 120. ಎರಡು ಬಾಟಲಿಗೆ ಮಿತಿ ದಾಟಿತು. ಬಿಸಿ ಚಾ ಊದಿ ಊದಿ ಕುಡಿಯಬೇಕು, ತಣ್ಣನೆಯ ಸಿಹಿ ನೀರು ಗಟಗಟ ಇಳಿಯುತ್ತದೆ. ಮಕ್ಕಳಿಗೆ ತಕ್ಕದ್ದಲ್ಲ ಅಂತ ಬಾಟಲಿ ಮೇಲೆ ಅಚ್ಚು ಹಾಕಬೇಕೆಂಬ ನಿಯಮವೇ ಇದೆ. ಹಂಗಿದ್ದೂ ಊರಿನ ಪಟ್ಟಿ ದುಡ್ಡಿನಲ್ಲಿ, ಹಿರಿಯರೇ ಅದನ್ನು ಹಂಚುವುದೆಂದರೆ?

ಬಾಕ್ಸಿಗೆ ಕೊಡಲಿಲ್ಲ, ಹಾಲು-ಸಕ್ಕರೆಗೆ ಕೊಟ್ಟೆ. ಹದಿನೆಂಟು ಆಗದವರು ಹನ್ನೊಂದಕ್ಕೆ ಮನೆಗೆ ಹೋಗಿ ಮಲಗಲಿ, ಆಮೇಲೆ ದೊಡ್ಡವರು ಕಾಯಲಿ ಅಂದೆ.

"ಹಂಗಾದ್ರ ನಿಮ್ದೂ ಒಂದ್ ಪಾಳಿ ಹಚ್ತೇವ್ರಿ ಅಣ್ಣಾರ" ಅಂದ ಅದೇ ಹುಡುಗ. ಎರಡರಿಂದ ನಾಲ್ಕರ ಪಾಳಿ ನನ್ನ ಪಾಲಿಗೆ ಬಂತು.