ಗುಲ್ಮ ಹೋದ ಮೇಲೆ ಶ್ವಾಸಕೋಶಕ್ಕೆ ಕಾವಲು ಯಾರು?

ಬೇಮಳಖೇಡ, ಹುಮನಾಬಾದ್, ಬಸವಕಲ್ಯಾಣ ಇವೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವೆಂಬುದು ನಿಮಗೆ ಗೊತ್ತು. ಅದೇ ಸಂಸ್ಥಾನದ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅವರು ಸೊಳ್ಳೆಯ ಜಠರದಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ಮಲೇರಿಯಾ ಪದೇ ಪದೇ ಬಂದರೆ ಎಡಪಕ್ಕೆಯ ಒಳಗಿರುವ ಗುಲ್ಮ ಊದಿಕೊಳ್ಳುತ್ತದೆ. ರಾಸ್ ಅವರಿಗೂ ಅರ್ಧ ಶತಮಾನ ಮೊದಲೇ, 1847ರ ಸುಮಾರಿಗೆ, ಉತ್ತರ ಭಾರತದ ಕಾಲುವೆ ಸೀಮೆಯಲ್ಲಿ ಡೆಂಪ್ಸ್ಟರ್ ಎಂಬ ವೈದ್ಯರು ಜನರ ಹೊಟ್ಟೆ ಮುಟ್ಟಿ, ಎಷ್ಟು ಮಂದಿಯ ಗುಲ್ಮ ಕೈಗೆ ತಾಗುತ್ತದೆಂದು ಎಣಿಸಿ, ಊರಿನ ಜ್ವರವನ್ನು ಅಳೆದಿದ್ದರು. ಬೆರಳೇ ಅವರ ಉಪಕರಣ!

ಇಷ್ಟು ಮುಟ್ಟಿ ನೋಡಿದ ಅಂಗದ ಕೆಲಸವೇನು? ಬಹುಕಾಲ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಪೆಟ್ಟು ಬಿದ್ದು ಒಡೆದರೆ, ರಕ್ತದ ಕೆಲವು ಕಾಯಿಲೆಗಳಿದ್ದರೆ, ತೆಗೆದುಹಾಕುತ್ತಿದ್ದರು, ರೋಗಿ ಬದುಕುತ್ತಿದ್ದ. 1919ರಲ್ಲಿ ಮಾರಿಸ್ ಮತ್ತು ಬುಲಕ್ ಇಲಿಗಳಲ್ಲಿ ಪ್ರಯೋಗ ಮಾಡಿ, ಗುಲ್ಮವಿಲ್ಲದವು ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆಂದರು. ಅದಕ್ಕೆ ಹೆಚ್ಚು ಜನ ಕಿವಿಗೊಡಲಿಲ್ಲ. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್, ಗುಲ್ಮ ತೆಗೆದ 5 ಶಿಶುಗಳಲ್ಲಿ ಕಂಡ ತೀವ್ರ ಸೋಂಕನ್ನು ವರದಿ ಮಾಡಿದ ಮೇಲೆಯೇ ಶಸ್ತ್ರವೈದ್ಯರು ಎಚ್ಚೆತ್ತರು.

ಮುಖ್ಯ ಶತ್ರು ನ್ಯೂಮೋಕಾಕಸ್. 1881ರಲ್ಲಿ ಪಾಶ್ಚರ್ ಮತ್ತು ಸ್ಟರ್ನ್‌ಬರ್ಗ್ ಬೇರೆ ಬೇರೆಯಾಗಿ ಗುರುತಿಸಿದ ಬ್ಯಾಕ್ಟೀರಿಯ ಇದು. ಮೂಗು, ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿಯುತ್ತದೆ. ಅಲ್ಲಿನ ಗಾಳಿಚೀಲಗಳಲ್ಲಿ ಭಕ್ಷಕ ಕಣಗಳು ಕಾವಲಿವೆ, ನಿಜ. ಆದರೆ ಈ ಬ್ಯಾಕ್ಟೀರಿಯದ ಮೈಮೇಲೆ ಜಾರುವ ಹೊದಿಕೆಯಿದೆ. ಪ್ರತಿಕಾಯ ಅಂಟದೆ ಅದು ಹಿಡಿತಕ್ಕೆ ಸಿಗುವುದು ಕಷ್ಟ. ಅಂಥ ಪ್ರತಿಕಾಯಗಳನ್ನು ಬೇಗ ತಯಾರಿಸುವುದರಲ್ಲಿ ಗುಲ್ಮದ ಪಾಲು ದೊಡ್ಡದು. ರಕ್ತಕ್ಕೆ ನುಸುಳಿದ ಬ್ಯಾಕ್ಟೀರಿಯವನ್ನು ಸೋಸುವುದೂ ಅದೇ. ಅದಿಲ್ಲದಿದ್ದರೆ ಬೆಳಗಿನ ಚಳಿಜ್ವರ ಒಂದೆರಡು ದಿನದಲ್ಲೇ ಪ್ರಾಣಕ್ಕೆ ಬರಬಹುದು.

ಹಾಗಾದರೆ ಶ್ವಾಸಕೋಶದ ಕಾವಲನ್ನೇ ಬಲಪಡಿಸಬಹುದೇ? ಭಕ್ಷಕ ಕಣಗಳನ್ನು ಚುರುಕುಗೊಳಿಸುವ ಯತ್ನಗಳು ಪ್ರಾಣಿಗಳ ಮೇಲೆ ನಡೆದಿವೆ. ಮನುಷ್ಯರಿಗೆ ಒದಗಿಬಂದದ್ದು ಲಸಿಕೆ: 1977ರಲ್ಲಿ 14 ಬಗೆಯ ನ್ಯೂಮೋಕಾಕಸ್‌ಗೆ, 1983ರಲ್ಲಿ 23 ಬಗೆಗೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಶಿಶುಗಳ ನ್ಯೂಮೋಕಾಕಸ್ ಲಸಿಕೆ 2017ರಲ್ಲಿ ಸೇರಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಿತು.

ಮೊದಲೇ ಗೊತ್ತಾದ ಶಸ್ತ್ರಕ್ರಿಯೆಯಾದರೆ ಕನಿಷ್ಠ 2 ವಾರ ಮುಂಚೆ ಲಸಿಕೆ ಕೊಡುವುದು ವಾಡಿಕೆ. ಅಪಘಾತದಲ್ಲಿ ತೆಗೆಯಬೇಕಾಗಿ ಬಂದರೆ ಸುಮಾರು 2 ವಾರ ಕಳೆದ ಮೇಲೆ. ಗುಲ್ಮ ತೆಗೆಸಿಕೊಂಡವರು ನಿಮ್ಮ ಮನೆಯಲ್ಲಿದ್ದು ಜ್ವರ ಬಂದರೆ ಕಷಾಯ ಕುಡಿಸಿ ಬೆಳಗಾಗಲೆಂದು ಕಾಯಬೇಡಿ. ರಾತ್ರಿಯಾದರೂ ಸರಿ ಆಸ್ಪತ್ರೆಗೆ ಕರೆದೊಯ್ದು, ಗುಲ್ಮವಿಲ್ಲವೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಿ.